ದೀಪಕ್ಕೂ ಭೂಮಿ ಬಿಟ್ಟ ನಾಡಿನಲ್ಲಿ

ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಸಿಕ್ಕ ಒಂದು ಕಂಬಶಾಸನದಲ್ಲಿ ಶಾಲೆಯೊಂದರ ಜಮಾಖರ್ಚು ಇದೆ. ಕಾಲ ಕ್ರಿ.ಶ. 945, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಆಳ್ವಿಕೆ. ಊರಿಗೆ ಆಗ ಪಾವಿಟ್ಟಗೆ ಎಂಬ ಹೆಸರು. ಅರಸನ ಮಂತ್ರಿಯಾಗಿದ್ದ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಓದಲು ಬಂದವರಿಗೆ ಇಳಿದುಕೊಳ್ಳಲು 27 ಮನೆಗಳಿದ್ದವು. ದೀಪದ ಖರ್ಚಿಗೆಂದು 12 ನಿವರ್ತನ ಭೂಮಿ, ಪಾಠ ಹೇಳುವ ಗುರುವಿಗೆ 50 ನಿವರ್ತನ ಭೂಮಿ ಬಿಟ್ಟಿದ್ದರು. ಊರಿನ ಬ್ರಾಹ್ಮಣ ಮನೆತನದವರು ಮದುವೆ ಮಾಡಿದಾಗ 5 ನಾಣ್ಯ, ಮುಂಜಿವೆ ಮಾಡಿದಾಗ ಅದರ ಅರ್ಧ, ಜವಳ ತೆಗೆಸಿದಾಗ ಅದರಲ್ಲೂ ಅರ್ಧ ಶಾಲೆಗೆ ಕೊಡುವುದೆಂದು ಒಪ್ಪಿಕೊಂಡಿದ್ದರು.

ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಒಕ್ಕಲುತನದ ಮನೆಯ ಹೆಣ್ಣುಮಗಳಾದ ನನ್ನನ್ನು ಅದರ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಅರಿವು ಅಗಸನ ಮನೆಗೂ ಅಂಬಿಗನ ದೋಣಿಗೂ ಹೋಗಬೇಕಾದರೆ ಇನ್ನೂ ಎರಡು ಶತಮಾನ ಕಳೆದು ಬಾಗೇವಾಡಿಯ ಬಸವಣ್ಣನ ಕಾಲ ಬರಬೇಕಾಯಿತು. ಆದ್ದರಿಂದ ಹಳೆಯದೆಲ್ಲ ಚೊಕ್ಕ ಎಂದು ಹೇಳಲು ನಾನು ಈ ಶಾಸನವನ್ನು ತೆಗೆದಿಲ್ಲ. ನನಗೆ ಬೇಕಾದದ್ದು ಅದರೊಳಗಿನ ಲೆಕ್ಕ. ದೀಪ ಹಚ್ಚಿದರೆ ಸಾಲದು, ಎಣ್ಣೆ ದಿನಾ ಬೇಕು, ಅದಕ್ಕೆ ಬೇರೆಯಾಗಿಯೇ ಭೂಮಿ ಬಿಡಬೇಕು ಎಂದು ಆ ಜನಕ್ಕೆ ಗೊತ್ತಿತ್ತು. ದೀಪಕ್ಕೆ ಬಿಟ್ಟದ್ದರ ನಾಲ್ಕು ಪಟ್ಟಿಗಿಂತ ಹೆಚ್ಚು ಗುರುವಿಗೆ ಬಿಡಬೇಕು ಎಂಬುದೂ ಗೊತ್ತಿತ್ತು. ನಮ್ಮ ಶಾಲೆಗಳಿಗೆ ಇವತ್ತು ಟಿ.ವಿ., ಟ್ಯಾಬ್, ಪ್ರೊಜೆಕ್ಟರ್ ತರುವವರು ಈ ಎರಡು ಲೆಕ್ಕಗಳನ್ನೂ ಮರೆತಿದ್ದಾರೆ ಎಂಬುದೇ ನನ್ನ ತಕರಾರು.

ನಾನು ಸಿಂದಗಿ ತಾಲೂಕಿನ ಕನ್ನೊಳ್ಳಿಯವಳು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ಈಗಲೂ ಸಂಜೆ ಓಣಿಯ ಮಕ್ಕಳು ಪಾಟಿಚೀಲ ಹಿಡಿದು ನಮ್ಮ ಪಡಸಾಲೆಗೆ ಬರುತ್ತಾರೆ. ಹಾಗಾಗಿ ಹೊಸ ಪುಸ್ತಕದಲ್ಲಿ ಏನಿದೆ, ಮಕ್ಕಳ ಕೈಯಲ್ಲಿ ಯಾವ ಫೋನಿದೆ, ಯಾವ ಮಗುವಿಗೆ ಕಳೆಯುವ ಲೆಕ್ಕದಲ್ಲಿ ದಶಕ ಕಡ ತರಲು ಬರುವುದಿಲ್ಲ ಎಂಬುದು ನನಗೆ ದಿನಾ ಕಾಣುತ್ತದೆ.

ನಾನು ಕೆಲಸ ಮಾಡಿದ ಒಂದು ಶಾಲೆಗೆ ದಾನಿಗಳೊಬ್ಬರು ದೊಡ್ಡ ಟಿ.ವಿ. ಕೊಟ್ಟರು. ಹಾರ ಹಾಕಿ, ಕಾಯಿ ಒಡೆದು, ಫೋಟೋ ತೆಗೆದು ಸ್ಮಾರ್ಟ್ ಕ್ಲಾಸ್ ಉದ್ಘಾಟನೆ ಆಯಿತು. ಆರನೆಯ ಇಯತ್ತೆಯ ಮಕ್ಕಳು ಅದರಲ್ಲಿ ಹೃದಯ ಬಡಿಯುವುದನ್ನು ನೋಡಿದರು. ನಾನು ಕಪ್ಪುಹಲಗೆಯ ಮೇಲೆ ಎಷ್ಟು ಬಣ್ಣದ ಸೀಮೆಸುಣ್ಣ ಸವೆಸಿದರೂ ತೋರಿಸಲಾಗದ್ದನ್ನು ಅದು ಒಂದು ನಿಮಿಷದಲ್ಲಿ ತೋರಿಸಿತು. ಆ ಮಕ್ಕಳ ಮುಖದ ಬೆರಗನ್ನು ನಾನು ಅಲ್ಲಗಳೆಯಲಾರೆ. ಆದರೆ ಬೇಸಿಗೆಯಲ್ಲಿ ಹಗಲು ಕರೆಂಟು ಇರುತ್ತಿರಲಿಲ್ಲ. ಮಳೆಗಾಲ ಹತ್ತಿದ ಮೇಲೆ ಒಂದು ದಿನ ವೋಲ್ಟೇಜು ಏರಿ ಪರದೆ ಕಪ್ಪಾಯಿತು. ಸಿಂದಗಿಯಿಂದ ಬಂದ ರಿಪೇರಿ ಹುಡುಗ ಹೇಳಿದಷ್ಟು ದುಡ್ಡು ಶಾಲೆಯ ಯಾವ ಖಾತೆಯಲ್ಲೂ ಇರಲಿಲ್ಲ. ಖರೀದಿಗೆ ಬಾಬು ಇತ್ತು, ದುರಸ್ತಿಗೆ ಇರಲಿಲ್ಲ. ಟಿ.ವಿ.ಗೆ ಹಳೆಯ ಜಮಖಾನ ಹೊದಿಸಿ ಮೂಲೆಗೆ ಇಟ್ಟೆವು. ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು. ಒಂದು ಸ್ಟೆಬಿಲೈಜರ್, ಒಂದು ಬ್ಯಾಟರಿ, ವರ್ಷಕ್ಕೆ ಇಷ್ಟು ಎಂದು ದುರಸ್ತಿಯ ದುಡ್ಡು ಸೇರಿಸಿ ಕೊಟ್ಟಿದ್ದರೆ ಅದು ಈಗಲೂ ನಡೆಯುತ್ತಿತ್ತು.

ಇದು ಒಂದು ಹಳ್ಳಿಯ ಕತೆ ಮಾತ್ರವಾಗಿದ್ದರೆ ಪತ್ರಿಕೆಗೆ ಬರೆಯುವ ಅಗತ್ಯವಿರಲಿಲ್ಲ. 2004ರ ಸೆಪ್ಟೆಂಬರಿನಲ್ಲಿ ನಮ್ಮ ದೇಶ ಶಿಕ್ಷಣಕ್ಕೆಂದೇ ಒಂದು ಉಪಗ್ರಹ ಹಾರಿಸಿತು, ಎಜುಸ್ಯಾಟ್. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. ಎಂಥ ದೊಡ್ಡ ಕನಸು! 2010ರ ಹೊತ್ತಿಗೆ ಉಪಗ್ರಹದ ಆಯುಷ್ಯ ಮುಗಿಯಿತು. ದಕ್ಷಿಣ ಅಮೆರಿಕದ ಪೆರು ದೇಶ ಬಡ ಮಕ್ಕಳ ಕೈಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಕೊಟ್ಟಿತು. ಆಮೇಲೆ ಪರೀಕ್ಷಿಸಿ ನೋಡಿದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಆ ಮಕ್ಕಳ ಕಲಿಕೆ ಮೇಲೇರಿರಲಿಲ್ಲ. 2023ರಲ್ಲಿ ಸ್ವೀಡನ್ ಸರ್ಕಾರ ಶಾಲೆಗಳಿಗೆ ಮತ್ತೆ ಅಚ್ಚಿನ ಪುಸ್ತಕ ಕೊಳ್ಳಲು ಹಣ ತೆಗೆದಿಟ್ಟಿತು. ಅದೇ ವರ್ಷ ಯುನೆಸ್ಕೊ ತನ್ನ ಜಾಗತಿಕ ಶಿಕ್ಷಣ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟು, ತಂತ್ರಜ್ಞಾನ ಯಾರ ಷರತ್ತಿನ ಮೇಲೆ ಬರುತ್ತಿದೆ ಎಂದು ಕೇಳಿತು. ಆ ಪ್ರಶ್ನೆಯನ್ನು ನಾವು ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯಲ್ಲಿ ಕೂತು ಕೇಳಿಕೊಳ್ಳಬೇಕು.

ನನ್ನ ಪಡಸಾಲೆಯಲ್ಲಿ ನಡೆದ ಒಂದು ಸಂಜೆಯ ಪಾಠ ಹೇಳುತ್ತೇನೆ. ಸಾಲೋಟಗಿಯ ಆ ನಾಣ್ಯಗಳನ್ನೇ ಐದು ಮತ್ತು ಆರನೆಯ ಇಯತ್ತೆಯ ಮಕ್ಕಳಿಗೆ ಲೆಕ್ಕವಾಗಿ ಕೊಟ್ಟೆ. ಮದುವೆಗೆ ಐದು, ಮುಂಜಿವೆಗೆ ಅದರ ಅರ್ಧ, ಜವಳಕ್ಕೆ ಅರ್ಧದ ಅರ್ಧ. ಒಂದು ವರ್ಷ ಊರಲ್ಲಿ ನಾಲ್ಕು ಮದುವೆ, ಎರಡು ಮುಂಜಿವೆ, ನಾಲ್ಕು ಜವಳ ಆದರೆ ಶಾಲೆಗೆ ಎಷ್ಟು ಬಂತು? ಒಬ್ಬ ಹುಡುಗ ಅಣ್ಣನ ಫೋನು ತಂದಿದ್ದ. ಕ್ಷಣದಲ್ಲಿ ಒತ್ತಿ, “ಒಂದು ಪಾಯಿಂಟ್ ಎರಡು ಐದು” ಎಂದು ಜವಳದ ನಾಣ್ಯ ಹೇಳಿದ. “ಹಂಗಂದ್ರ ಎಷ್ಟಪಾ? ಒಂದಕ್ಕಿಂತ ಹೆಚ್ಚೋ ಕಡಿಮಿಯೋ?” ಎಂದೆ. ಅವನು ಪರದೆ ನೋಡಿದ, ನನ್ನ ಮುಖ ನೋಡಿದ, ಸುಮ್ಮನಾದ. ಮೂಲೆಯಲ್ಲಿ ಕೂತಿದ್ದ ತಾಂಡಾದ ಹುಡುಗಿ, “ಸವ್ವಾ ಆಗ್ತೈತ್ರಿ ಅಕ್ಕೋರ” ಎಂದಳು. ಅವಳ ಅಜ್ಜಿ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾಳೆ. ಪಾವು ಕಿಲೋ, ಅರ್ಧ ಕಿಲೋ, ಸವ್ವಾ, ದೀಡ ಎಂಬ ಲೆಕ್ಕ ಆ ಮಗುವಿನ ಕಿವಿಯಲ್ಲಿ ಬಿದ್ದು ಬಿದ್ದು ಕೂತಿತ್ತು. ಸರಿ, ಹಾಗಾದರೆ ಬರೆದು ತೋರಿಸು ಎಂದೆ. ಅವಳಿಗೆ ಬರೆಯಲು ಬರಲಿಲ್ಲ. ಬಳಪ ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಪಾಟಿಯ ಮೇಲೆ ಸವ್ವಾ ಎಂದು ಬರೆದು ಅದರ ಪಕ್ಕ 1¼, ಅದರ ಪಕ್ಕ 1.25 ಎಂದು ಬರೆದೆ. ಒಂದು ರೊಟ್ಟಿಯನ್ನು ನಾಲ್ಕು ತುಂಡು ಮಾಡಿಟ್ಟು ಅದರ ಪಕ್ಕ ಇಡೀ ರೊಟ್ಟಿ ಇಟ್ಟೆ. ಹುಡುಗ, “ಅಂದ್ರ ಪಾಯಿಂಟ್ ಎರಡು ಐದು ಅಂದ್ರ ಪಾವು ಏನ್ರಿ?” ಎಂದು ಕೇಳಿದ. ಆ ಹುಡುಗಿ ಮೊದಲ ಸಲ ಚುಕ್ಕೆ ಇಟ್ಟು 1.25 ಬರೆದಳು. ಒಟ್ಟು ಮೊತ್ತ ಮೂವತ್ತು ಎಂದು ಇಬ್ಬರೂ ಬಾಯಿಲೆಕ್ಕದಲ್ಲೇ ಮುಗಿಸಿ, ಫೋನಿನಲ್ಲಿ ಒತ್ತಿ ಸರಿಯಾಗಿದೆಯೇ ಎಂದು ನೋಡಿಕೊಂಡರು. ಆಮೇಲೆ ಅದೇ ಫೋನಿನಲ್ಲಿ ನಕ್ಷೆ ತೆರೆದು ಕನ್ನೊಳ್ಳಿಯಿಂದ ಸಾಲೋಟಗಿಗೆ ಯಾವ ದಾರಿ ಎಂದು ಹುಡುಕಿದರು. ನಾನು ಹೇಳಬೇಕೆಂದಿರುವುದೆಲ್ಲ ಈ ಪಾಠದಲ್ಲಿದೆ. ಯಂತ್ರ ಉತ್ತರ ಕೊಟ್ಟಿತು, ಅರ್ಥ ಕೊಡಲಿಲ್ಲ. ಅಜ್ಜಿಯ ಬಾಯಿ ಅರ್ಥ ಕೊಟ್ಟಿತು, ಬರಹ ಕೊಡಲಿಲ್ಲ. ಎರಡನ್ನೂ ಕೂಡಿಸಲು ನಡುವೆ ಒಬ್ಬರು ಕೂತಿರಬೇಕಾಯಿತು.

ಮಗ್ಗಿ ಬಾಯಿಪಾಠ ಮಾಡಿಸುವುದು ಹಳೆಯ ಕಾಲದ ದಡ್ಡತನ ಎಂದು ತರಬೇತಿಗಳಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ಏಳು ಎಂಟ್ಲಿ ಎಷ್ಟು ಎಂದು ಬೆರಳು ಎಣಿಸುತ್ತ ಕೂತ ಮಗು ಭಾಗಾಕಾರದ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ಮಗ್ಗಿ ಬಾಯಲ್ಲಿದ್ದರೆ ತಲೆ ಯೋಚನೆಗೆ ಬಿಡುವಾಗಿರುತ್ತದೆ. ಆದರೆ ಹಿಂದಿನ ಐಗಳ ಮಠಗಳೆಂಬ ಊರ ಶಾಲೆಗಳ ಪದ್ಧತಿ ಇಡಿಯಾಗಿ ಬೇಕು ಎನ್ನುವವರ ಜೊತೆಗೂ ನಾನಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿಸಿದ ಕೈಯೇ ಮಕ್ಕಳನ್ನು ತೊಲೆಗೆ ಕಟ್ಟಿ ಹೊಡೆದ ಕತೆಗಳನ್ನು ನಮ್ಮ ಮುತ್ಯಾನ ಬಾಯಲ್ಲಿ ಕೇಳಿ ಬೆಳೆದವಳು ನಾನು. ನಮ್ಮ ಅವ್ವನನ್ನು ಯಾವ ಮಠಕ್ಕೂ ಕಳಿಸಲಿಲ್ಲ. ಬೆತ್ತವೂ ಬೇಡ, ಅರ್ಥ ತಿಳಿಯದೆ ಒದರಿಸುವುದೂ ಬೇಡ.

ಆ ಹಳೆಯ ಶಾಲೆಗಳಲ್ಲಿ ಇದ್ದ ಒಂದು ಪದ್ಧತಿಯನ್ನು ಮಾತ್ರ ಇಡೀ ಜಗತ್ತು ಎರವಲು ಪಡೆಯಿತು. ಮದ್ರಾಸಿನ ಎಗ್ಮೋರಿನ ಅನಾಥ ಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ನಮ್ಮ ದೇಶದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲಿ ಅದನ್ನು ತಂದ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ರೀತಿಯನ್ನು ಬೆಳೆಸಿ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳು ಮದ್ರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಅದನ್ನು ನಡೆಸಿದವು. ನಮ್ಮಲ್ಲಿ ಅದು ಹೊಸ ರೂಪದಲ್ಲಿ ಬಂದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಕೈಯಾರೆ ಕಾರ್ಡು ಮಾಡಿ, ಏಣಿ, ಮೈಲಿಗಲ್ಲು, ಗುಂಪಿನ ತಟ್ಟೆ ಎಂದು ಕಟ್ಟಿದ ನಲಿ-ಕಲಿ ಅದು. 2009–10ರಲ್ಲಿ ರಾಜ್ಯದ ಕನ್ನಡ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ವಿಸ್ತರಿಸಿತು. ಒಂದು ಕಾರ್ಡಿಗೆ ಕರೆಂಟು ಬೇಡ, ರೀಚಾರ್ಜು ಬೇಡ. ಹರಿದರೆ ಶಿಕ್ಷಕಿಯೇ ಇನ್ನೊಂದು ಬರೆದುಕೊಳ್ಳಬಹುದು. ಲಂಬಾಣಿ ಮಾತಾಡುವ ಮಗು ಕನ್ನಡದ ಮೊದಲ ಅಕ್ಷರಗಳನ್ನು ಪಕ್ಕದ ಗೆಳತಿಯಿಂದ ಕಲಿತದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಲಿ-ಕಲಿಗೂ ಕುಂದುಗಳಿವೆ. ಒಬ್ಬರೇ ಶಿಕ್ಷಕಿ ಮೂರು ಇಯತ್ತೆ ಹಿಡಿದಾಗ ಯಾವ ತಟ್ಟೆಯಲ್ಲಿ ಯಾರು ಕೂತಿದ್ದಾರೆಂದು ನೋಡುವುದರಲ್ಲೇ ದಿನ ಮುಗಿಯುತ್ತದೆ. ಆದರೂ ಶಿಕ್ಷಕರೇ ಕೂತು ಮಾಡಿದ ಸಾಧನ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆಕಾಶವಾಣಿಯಲ್ಲಿ ಬರುತ್ತಿದ್ದ ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’ ಪಾಠಗಳೂ ನನಗೆ ಹಿಡಿಸಿದ್ದವು. ರೇಡಿಯೋ ಹಾಡಿದ ಮೇಲೆ ಮಕ್ಕಳು ಎದ್ದು ಕುಣಿಯಬೇಕು, ಲೆಕ್ಕ ಹೇಳಬೇಕು, ಆಮೇಲೆ ಅಕ್ಕೋರು ಮುಂದುವರಿಸಬೇಕು. ಅದು ನನ್ನ ಜಾಗವನ್ನು ನನಗೇ ಬಿಟ್ಟಿತ್ತು.

ಇನ್ನು ಕೊರೊನಾ ಕಾಲ. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು. ಅಕ್ಷರ ಕಲಿಯುವ ವಯಸ್ಸಿನ ಮಗುವಿಗೆ ಅದು ಒಂದು ಯುಗ. ಚಂದನ ವಾಹಿನಿಯಲ್ಲಿ ದೊಡ್ಡ ಮಕ್ಕಳಿಗೆ ‘ಸಂವೇದ’ ಪಾಠ ಬಂತು, ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ದೀಕ್ಷಾ ಆ್ಯಪಿನ ವಿಡಿಯೊ ತೆರೆಯುತ್ತಿತ್ತು. ಫೋನು ಇದ್ದವರಿಗೆ. ನಮ್ಮ ಕಡೆ ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ ಹೊಲಕ್ಕೋ ದುಡಿಯಲು ಪರವೂರಿಗೋ ಹೋಗಿರುತ್ತಿತ್ತು. 2020ರ ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಶುರುವಾದಾಗ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಗುಡಿಯ ಕಟ್ಟೆ, ಬೇವಿನ ಗಿಡದ ನೆರಳು, ಸಮುದಾಯ ಭವನ ಎಲ್ಲವೂ ಶಾಲೆಯಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಪ್ರಾಣ ಕಳೆದುಕೊಂಡ ಶಿಕ್ಷಕರೂ ಇದ್ದರು. ಆ ಎರಡು ತಿಂಗಳು ಗಿಡದ ಕೆಳಗೆ ಕೂತು ಓದಿದ ಮಕ್ಕಳು ಕೈಗೆ ಸಿಕ್ಕರು. ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿದ ಮಕ್ಕಳಲ್ಲಿ ಎಷ್ಟೋ ಮಂದಿ ಕಾಗುಣಿತವನ್ನೇ ಮರೆತು ಬಂದರು. 2022–23ನ್ನು ಸರ್ಕಾರ ಕಲಿಕಾ ಚೇತರಿಕೆಯ ವರ್ಷವೆಂದು ನಡೆಸಿತು. ಆ ವರ್ಷ ಐದನೆಯ ಇಯತ್ತೆಯ ಮಕ್ಕಳನ್ನು ಕೂರಿಸಿಕೊಂಡು ಒತ್ತಕ್ಷರ ತಿದ್ದಿಸಿದವರಿಗೆ ಆ ನಷ್ಟ ಏನೆಂದು ಗೊತ್ತು.

ಹೀಗೆಂದು ಫೋನನ್ನು ದೂರುವುದು ನನ್ನಿಂದಾಗದು. ಸಿಂದಗಿ, ಇಂಡಿಯ ಎಷ್ಟೋ ಮನೆಗಳ ದುಡಿಯುವ ಕೈಗಳು ಗೋವಾದಲ್ಲಿವೆ, ಪುಣೆಯಲ್ಲಿವೆ, ಕಬ್ಬು ಕಡಿಯುವ ಗ್ಯಾಂಗುಗಳಲ್ಲಿವೆ. ಮಕ್ಕಳು ಆಯಿ-ಮುತ್ಯಾನ ಹತ್ತಿರ ಇರುತ್ತಾರೆ. ನಮ್ಮ ಓಣಿಯ ಒಬ್ಬ ಹುಡುಗಿ ದಿನಾ ರಾತ್ರಿ ಊಟವಾದ ಮೇಲೆ ಗೋವಾದಲ್ಲಿರುವ ಅವ್ವನಿಗೆ ಫೋನು ಹಚ್ಚಿ ಅವತ್ತಿನ ಕನ್ನಡ ಪಾಠ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅವ್ವನಿಗೆ ಓದು ಬರಹ ಬರುವುದಿಲ್ಲ. ತಡವರಿಸಿದರೆ ಮಾತ್ರ ಕಿವಿಗೆ ತಿಳಿಯುತ್ತದೆ. “ಇನ್ನೊಮ್ಮೆ ಓದವ್ವಾ, ನೆಟ್ಟಗ ಕೇಳಲಿಲ್ಲ” ಎನ್ನುತ್ತಾಳೆ. ಎರಡನೆಯ ಸಲ ಮಗು ಪೂರ್ಣವಿರಾಮ ನೋಡಿ ನಿಂತು ಓದುತ್ತದೆ. ಒಂದು ವರ್ಷದಲ್ಲಿ ಆ ಹುಡುಗಿಯ ಓದು ತರಗತಿಯಲ್ಲೇ ಮುಂದಾಯಿತು. ಯಾವ ಆ್ಯಪೂ ಬೇಕಾಗಲಿಲ್ಲ, ಕೇಳುವ ಒಂದು ಜೀವ ಸಾಕಾಯಿತು. ಆ ಜೀವವನ್ನು ಹತ್ತಿರ ತಂದದ್ದು ಮಾತ್ರ ಫೋನೇ.

ಫೋನು ಎಲ್ಲರ ಕೈಯಲ್ಲೂ ಹೀಗೆ ನಡೆಯುವುದಿಲ್ಲ. ಗ್ರಾಮೀಣ ಭಾರತದ ಶಾಲಾ ಕಲಿಕೆಯನ್ನು ಅಳೆಯುವ ಅಸರ್ ವರದಿ 2024ರಲ್ಲಿ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿತು. ನೂರರಲ್ಲಿ 82 ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಳಸಲು ಬರುವವರಲ್ಲಿ, ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ನೂರಕ್ಕೆ 76. ಇದು ಮಕ್ಕಳ ದೋಷ ಎನ್ನಲಾರೆ. ಫೋನಿನಲ್ಲಿ ಏನು ಓದಬೇಕು, ಓದಿದ್ದನ್ನು ಯಾರಿಗೆ ಹೇಳಬೇಕು ಎಂದು ತೋರಿಸುವವರು ಪಕ್ಕದಲ್ಲಿಲ್ಲದಿದ್ದರೆ ಬೆರಳು ಎಲ್ಲಿಗೆ ಜಾರುತ್ತದೋ ಅಲ್ಲಿಗೆ ಹೋಗುತ್ತದೆ.

ಯಂತ್ರ ಬಂದರೆ ನಮ್ಮ ವಿದ್ಯೆ ಕೆಡುತ್ತದೆ ಎಂಬ ಹೆದರಿಕೆ ವಿಜಯಪುರ ಜಿಲ್ಲೆಯ ರಕ್ತದಲ್ಲಿಲ್ಲ. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಗಂಟು ಕಟ್ಟಿಟ್ಟಿದ್ದ ತಾಡೋಲೆಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದು, ಆಮೇಲೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಹಾಕಿ, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಅಚ್ಚಿನ ಯಂತ್ರ ಅವರ ಕಾಲದ ಹೊಸ ತಂತ್ರಜ್ಞಾನ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರೆಲ್ಲ ಕೂಡಿ ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅಕ್ಷರ ಬಾರದ ತಾಯಂದಿರು ಆ ಪುಸ್ತಕದ ಕವಿಗಳು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ನಸುಕಿನಲ್ಲಿ ಪ್ರವಚನ ಮಾಡುವಾಗ ಸಾವಿರಾರು ಜನ ಒಂದು ಮೈಕಿನ ಮುಂದೆ ಸದ್ದಿಲ್ಲದೆ ಕೂತು ಕೇಳುತ್ತಿದ್ದರು. 2023ರ ಜನವರಿಯಲ್ಲಿ ಅವರು ದೇಹ ಬಿಟ್ಟ ಮೇಲೂ ನಮ್ಮ ಮನೆಗಳಲ್ಲಿ ರೊಟ್ಟಿ ಬಡಿಯುತ್ತ ಯೂಟ್ಯೂಬಿನಲ್ಲಿ ಅವರ ಮಾತು ಕೇಳುವ ಹೆಣ್ಣುಮಕ್ಕಳಿದ್ದಾರೆ. ಈ ಮೂರರಲ್ಲೂ ಯಂತ್ರ ಬಂದದ್ದು ಮಾತಿನ ಹಿಂದೆ. ಮೊದಲು ಮಾತು, ಹಾಡು, ಅನುಭವ ಇತ್ತು. ಅದನ್ನು ದೂರಕ್ಕೆ ಒಯ್ಯಲು ಯಂತ್ರ ಬಂತು.

ಶಾಲೆಯಲ್ಲೂ ಇದೇ ಕ್ರಮ ನಡೆಯಲಿ ಎಂದು ಕೇಳುತ್ತೇನೆ. ಹಲಸಂಗಿಯ ಗೆಳೆಯರಿಗೆ ಲೇಖನಿ ಇತ್ತು, ನಮ್ಮ ಎಂಟನೆಯ ಇಯತ್ತೆಯ ಮಕ್ಕಳಿಗೆ ಫೋನಿನ ಧ್ವನಿಮುದ್ರಣ ಇದೆ. ಭಜನಾ ಮೇಳದ ಹಿರಿಯರ ತತ್ವಪದ, ತಾಂಡಾದ ಅಜ್ಜಿಯರ ಹಾಡು, ಬಿಳಿಜೋಳದ ಬಿತ್ತಿಗೆಗೆ ಯಾವ ಮಳೆ ನೋಡಬೇಕೆಂಬ ಮುತ್ಯಾನ ಲೆಕ್ಕ, ಇಂಡಿಯ ನಿಂಬೆ ತೋಟದಲ್ಲಿ ಕಾಯಿ ಎಣಿಸಿ ಚೀಲ ಕಟ್ಟುವ ರೀತಿ, ಇವನ್ನೆಲ್ಲ ಮಕ್ಕಳು ಮುದ್ರಿಸಿಕೊಂಡು ಬರಲಿ. ಬಂದ ಮೇಲೆ ಕೇಳಿ ಕೇಳಿ ಕೈಯಿಂದ ಕಾಗದದ ಮೇಲೆ ಬರೆಯಲಿ. ಒಂದು ಹಾಡನ್ನು ಹೀಗೆ ಬರೆದ ಮಗು ಅಲ್ಪಪ್ರಾಣ ಮಹಾಪ್ರಾಣ ಕಲಿಯುತ್ತದೆ, ಅರ್ಧಕ್ಕೆ ನಿಲ್ಲಿಸಿ ಹಿಂದೆ ಓಡಿಸಿ ಮತ್ತೆ ಕೇಳುವ ತಾಳ್ಮೆ ಕಲಿಯುತ್ತದೆ, ತನ್ನ ಆಯಿಗೆ ಇಷ್ಟೊಂದು ಗೊತ್ತಿದೆ ಎಂಬುದನ್ನೂ ಕಲಿಯುತ್ತದೆ. ಇಂಡಿಯ ನಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದನ್ನು ಬೆಳೆಯುವವರ ಮಕ್ಕಳ ಪಾಠದಲ್ಲಿ ಆ ತೋಟದ ತಿಳಿವಳಿಕೆಗೆ ಇನ್ನೂ ಜಾಗ ಸಿಕ್ಕಿಲ್ಲ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಅನೇಕ ಕೇಂದ್ರಗಳಲ್ಲಿ ಕಂಪ್ಯೂಟರೂ ಬಂದಿದೆ. ಪುಸ್ತಕ ಮತ್ತು ಪರದೆ ಒಂದೇ ಕೋಣೆಯಲ್ಲಿ, ಒಬ್ಬ ಮೇಲ್ವಿಚಾರಕರ ಕಣ್ಣಮುಂದೆ ಇರುವ ಜಾಗ ಹಳ್ಳಿಯಲ್ಲಿ ಇದೊಂದೇ. ಸಂಜೆ ಮಕ್ಕಳು ಬರುವ ಹೊತ್ತಿಗೆ ಅದರ ಬಾಗಿಲು ತೆರೆದಿರಬೇಕು ಎಂದು ಪಂಚಾಯಿತಿ ಸದಸ್ಯರನ್ನು ಊರವರು ಕೇಳಬೇಕು.

ಐದನೆಯ ಇಯತ್ತೆಯವರೆಗೆ ಮಗುವಿನ ಕೈಗೆ ಪರದೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಶಿಕ್ಷಕಿಯ ಕೈಯಲ್ಲಿ ಇರಲಿ. ಸಮುದ್ರ ಕಾಣದ ಮಗುವಿಗೆ ಅಲೆ ತೋರಿಸಲಿ, ಬೀಜ ಮೊಳೆಯುವುದನ್ನು ಓಡಿಸಿ ತೋರಿಸಲಿ. ಮಗುವಿನ ಕೈಯಲ್ಲಿ ಪಾಟಿ, ಕಾಗದ, ಹುಣಸೆಬೀಜ, ಕಾರ್ಡು ಇರಬೇಕು. ದಿನಾ ಒಂದಿಷ್ಟು ಹೊತ್ತು ಗಟ್ಟಿ ಓದು, ಒಂದಿಷ್ಟು ಬಾಯಿಲೆಕ್ಕ, ಒಂದು ಪುಟ ಕೈಬರಹ ತಪ್ಪಬಾರದು. ಆರನೆಯ ಇಯತ್ತೆಯಿಂದ ಮೇಲೆ ಹುಡುಕುವುದು, ಸರಿ ತಪ್ಪು ತಾಳೆ ನೋಡುವುದು, ಬೇರೆ ಊರಿನ ಮಕ್ಕಳ ಜೊತೆ ಮಾತಾಡುವುದು ಇವೆಲ್ಲ ಬರಲಿ. ಪಟ್ಟಣದ ಖಾಸಗಿ ಶಾಲೆಯ ಮಗುವಿಗೆ ಕೋಡಿಂಗ್, ನಮ್ಮ ಮಗುವಿಗೆ ಬರೀ ಪಾಟಿ ಎಂದಾಗಬಾರದು. ಹಳ್ಳಿಯ ಹುಡುಗಿಗೆ ಕಂಪ್ಯೂಟರು ಬೇಕೇ ಬೇಕು. ಅದು ಕೆಟ್ಟಾಗ ರಿಪೇರಿಯಾಗಬೇಕು ಎಂಬುದೂ ಅವಳ ಹಕ್ಕಿನಲ್ಲೇ ಸೇರಿದೆ.

ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತು, ನೀರು ಕೊಡುವುದಾಗಿ ಮುಖ್ಯಮಂತ್ರಿಗಳು 2023ರ ರಾಜ್ಯೋತ್ಸವದಂದು ಘೋಷಿಸಿದರು. ದೀಪಕ್ಕೆ ಎಣ್ಣೆ ಹಾಕಿದ ಕೆಲಸ ಅದು, ಮನಸಾರೆ ಸ್ವಾಗತಿಸುತ್ತೇನೆ. ಬಿಲ್ಲು ಮಾಫ್ ಆದರೂ ಹಗಲು ಕರೆಂಟು ಇರಬೇಕು, ಇಂಟರ್ನೆಟ್ಟಿನ ದುಡ್ಡು, ದುರಸ್ತಿಯ ದುಡ್ಡು ಪ್ರತಿ ವರ್ಷ ಶಾಲೆಯ ಖಾತೆಗೆ ಬರಬೇಕು. ಅದಕ್ಕಿಂತ ಮುಂಚೆ ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬಬೇಕು. ಅತಿಥಿ ಶಿಕ್ಷಕಿಯನ್ನು ವರ್ಷ ವರ್ಷ ಬದಲಿಸುತ್ತ ಅದೇ ಕೋಣೆಗೆ ಟಿ.ವಿ. ತೂಗಿದರೆ ಮಗುವಿನ ಹೆಸರು ಹಿಡಿದು ಕರೆಯುವವರೇ ಅಲ್ಲಿರುವುದಿಲ್ಲ. ಇರುವ ಶಿಕ್ಷಕರಿಗೂ ಹಾಜರಾತಿ, ಬಿಸಿಯೂಟ, ಮೊಟ್ಟೆ, ಸಮವಸ್ತ್ರ ಎಂದು ದಿನಾ ಮೊಬೈಲಿನಲ್ಲಿ ತುಂಬುವ ಮಾಹಿತಿಯೇ ಒಂದು ಪಾಠದ ಅವಧಿ ತಿನ್ನುತ್ತದೆ. ತರಗತಿಗೆ ಬಂದ ತಂತ್ರಜ್ಞಾನದಲ್ಲಿ ಮಕ್ಕಳಿಗೆ ಸಿಕ್ಕ ಪಾಲಿಗಿಂತ ಕಾಗದಪತ್ರಕ್ಕೆ ಹೋದ ಪಾಲು ದೊಡ್ಡದು. ಆ ನಮೂದಿನ ಕೆಲಸಕ್ಕೆ ಕ್ಲಸ್ಟರಿಗೊಬ್ಬ ಗುಮಾಸ್ತನನ್ನು ಕೊಟ್ಟರೆ, ಹಾಗೆ ಉಳಿದ ಹೊತ್ತಿನಲ್ಲಿ ಮಕ್ಕಳ ಮಗ್ಗಿ ಗಟ್ಟಿಯಾಗುತ್ತದೆ.

ಹೊಸ ಶಾಲಾ ವರ್ಷ ಶುರುವಾದಾಗ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಸದಸ್ಯರು ಮೊದಲ ಸಭೆಯಲ್ಲೇ ಒಂದು ಠರಾವು ಮಾಡಲಿ. ಯಾರೇ ಶಾಲೆಗೆ ಯಂತ್ರ ಕೊಡಲು ಬಂದರೂ ಮೂರು ವರ್ಷದ ದುರಸ್ತಿ ಮತ್ತು ಬ್ಯಾಟರಿಯ ಖರ್ಚನ್ನು ಅದರ ಜೊತೆಗೇ ಬರೆದುಕೊಡಬೇಕು. ಅದನ್ನು ಬಳಸುವ ಶಿಕ್ಷಕಿಯನ್ನು ಕೇಳಿ ಅದು ಯಾವ ಪಾಠಕ್ಕೆ ಬೇಕೆಂದು ತಿಳಿದುಕೊಂಡು ಕೊಡಬೇಕು. ಜಮಖಾನ ಹೊದ್ದು ಮೂಲೆಯಲ್ಲಿರುವ ಟಿ.ವಿ., ಕಂಪ್ಯೂಟರುಗಳ ಪಟ್ಟಿಯನ್ನು ಅದೇ ಸಭೆಯಲ್ಲಿ ತೆಗೆದು, ಯಾವುದು ಏಕೆ ಕೆಟ್ಟಿದೆ, ರಿಪೇರಿಗೆ ಎಷ್ಟು ಬೇಕು ಎಂದು ಬರೆದು ತಾಲೂಕು ಕಚೇರಿಗೆ ಕಳಿಸಲಿ. ಹೊಸದರ ಅರ್ಜಿ ಆ ಪಟ್ಟಿಗೆ ಉತ್ತರ ಬಂದ ಮೇಲೆ ಹಾಕಿದರಾಯಿತು.